ಮರಿಂಬಾದಲ್ಲಿ ಕೇಳ್ಸೋ ಆ ಗುಡುಗುಡು ಚೆರ್ರಿ ಎಸಳು ಉದುರೋ ಸದ್ದಾ?

ಪ್ರಶ್ನೆ: ಸರ್, ಜಪಾನಿನ ಮರಿಂಬಾ ವಾದಕಿ ಕೇಕೋ ಆಬೆ ಅವರ 'ಡ್ರೀಮ್ ಆಫ್ ದ ಚೆರ್ರಿ ಬ್ಲಾಸಮ್ಸ್' ಕೇಳ್ದೆ. ಮರದ ಪಟ್ಟಿಗಳನ್ನ ಕೋಲಿನಿಂದ ಬಡಿದು ನುಡಿಸೋ ಮರಿಂಬಾ ಒಂದೇ ಇದೆ, ಹಾಡೋರಿಲ್ಲ, ಸಾಹಿತ್ಯ ಇಲ್ಲ. ಇದರಲ್ಲಿ ಹೂವು ಎಲ್ಲಿಂದ ಬಂತು? ಮಧ್ಯೆ ಮಧ್ಯೆ ಗುಡುಗುಡು ಅಂತ ಬರೋದು ಎಸಳು ಉದುರೋದಾ?

ಉತ್ತರ: ಅಲ್ಲ. ಯಾರೇ ಕೇಳಿದ್ರೂ ನನ್ನ ಉತ್ತರ ಇದೇ ಇರತ್ತೆ, ಅದಕ್ಕೆ ಈ ಸಲ ಪೂರ್ತಿ ಬರೆದುಬಿಡ್ತೀನಿ, ಮುಂದೆ ಕೇಳೋರಿಗೆ ಇದನ್ನೇ ಕಳಿಸಿದ್ರಾಯ್ತು.

ಹೂವು ಬಂದಿರೋದು ಧಾಟಿಯಿಂದ. ಜಪಾನಿನಲ್ಲಿ ಮಕ್ಕಳಿಗೂ ಗೊತ್ತಿರೋ 'ಸಕುರಾ ಸಕುರಾ' (ಸಕುರಾ ಅಂದ್ರೆ ಚೆರ್ರಿ ಹೂವು) ಅನ್ನೋ ಹಳೇ ಹಾಡಿದೆಯಲ್ಲ, ಅದರ ತುಣುಕುಗಳನ್ನ ಆಬೆ ನಾಲ್ಕು ಮ್ಯಾಲೆಟ್ (ತುದಿಗೆ ಉಂಡೆ ಇರೋ ಬಡಿಯೋ ಕೋಲು) ಹಿಡಿದು ಬಿಡಿಸ್ತಾ ಹೋಗ್ತಾರೆ. ಅದನ್ನ ಮೋಹನ ರಾಗ ಅನ್ನೋರು ದಯವಿಟ್ಟು ಇನ್ನೊಂದ್ಸಲ ಕೇಳಿ, ಐದು ಸ್ವರ ಇದ್ದ ಮಾತ್ರಕ್ಕೆ ಮೋಹನ ಆಗಲ್ಲ. ಹಾಡು ನಿಲ್ಲೋ ಸ್ವರವನ್ನ ಷಡ್ಜ ಮಾಡ್ಕೊಂಡ್ರೆ ಸಿಗೋದು ಹಿಂದೂಸ್ತಾನಿ ಗುಣಕಲಿ ರಾಗದ ಸ್ವರಗಳು, ರಿಷಭ ಧೈವತ ಎರಡೂ ಕೋಮಲ.

ಈಗ ಗುಡುಗುಡು ವಿಷಯ. ಅದರ ಹೆಸರು ರೋಲ್, ಅದಕ್ಕೆ ಕಾರಣ ಹೂವಲ್ಲ, ಮರ. ಮರದ ಪಟ್ಟಿಗೆ ಒಂದು ಏಟು ಹಾಕಿ ನೋಡಿ, ಮಂದ್ರದ ಸ್ವರ ಸ್ವಲ್ಪ ಹೊತ್ತು ಗುಂಯ್ ಅನ್ನತ್ತೆ, ತಾರದ್ದು ಟಕ್ ಅಂತ ಅಲ್ಲೇ ಮುಗಿದೋಗತ್ತೆ, ಪಿಟೀಲಿನಲ್ಲಿ ಕಮಾನು ಎಳೆದಷ್ಟು ಹೊತ್ತು ಸ್ವರ ನಿಲ್ಸೋ ಅನುಕೂಲ ಮ್ಯಾಲೆಟ್‌ಗಿಲ್ಲ, ಹಾಗಾಗಿ ಉದ್ದದ ಸ್ವರ ಬೇಕಂದ್ರೆ ಎರಡು ಮ್ಯಾಲೆಟ್‌ನಿಂದ ಬೇಗಬೇಗ ಬಡೀತಾನೇ ಇರ್ಬೇಕು. ಜರ್ಮನ್ ಸಂಯೋಜಕ ಬಾಖ್‌ನ ಕೃತಿ ನುಡಿಸಿದ್ರೂ ಅದೇ ರೋಲ್, ಅಲ್ಲಿ ಯಾವ ಹೂವು ಉದುರತ್ತೆ ಹೇಳಿ? ಅಸಲಿಗೆ ಚೆರ್ರಿ ಎಸಳು ಬಿದ್ರೆ ಸದ್ದೇ ಆಗಲ್ಲ.

ಚೆರ್ರಿ ಪೂರ್ತಿ ಅರಳಿ ನಿಲ್ಲೋದು ಹೆಚ್ಚುಕಮ್ಮಿ ಒಂದು ವಾರ. ಉಳಿಯಲ್ಲ ಅಂತ ಗೊತ್ತಿದ್ದೇ ಜನ ಮರದ ಕೆಳಗೆ ಹೋಗಿ ಕೂರ್ತಾರೆ, ಆ ಹೂವಿನ ಅರ್ಥವೇ ಅದು. ಏಟು ಬಿದ್ದ ಕ್ಷಣದಿಂದಲೇ ಸದ್ದು ಕರಗೋಕೆ ಶುರುವಾಗೋ ವಾದ್ಯಕ್ಕೆ ಇದಕ್ಕಿಂತ ಒಪ್ಪೋ ವಸ್ತು ಇಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಅದಕ್ಕೇ ನನ್ನ ಸ್ಟೂಡೆಂಟ್ಸ್‌ಗೆ ಹೇಳೋದು, ರೋಲ್ ಅಲ್ಲ, ರೋಲ್ ನಿಂತ ಮೇಲೆ ಉಳಿಯೋದನ್ನ ಕೇಳಿ.

ಆಬೆ ಬರೋ ಮುಂಚೆ ಮರಿಂಬಾಗೆ ಅಂತ ಗಂಭೀರ ಸೋಲೋ ಕೃತಿಗಳು ತುಂಬಾ ಕಮ್ಮಿ ಇದ್ವು. 1960ರ ದಶಕದಿಂದ ಬೇರೆ ಸಂಯೋಜಕರ ಹತ್ರ ಬರೆಸಿದ್ರು, ತಾವೂ ಬರೆದ್ರು, ವಾದ್ಯ ತಯಾರಿಸೋ ಯಮಹಾ ಕಂಪನಿ ಜೊತೆ ಕೂತು 5 ಆಕ್ಟೇವ್ (ಸ್ಥಾಯಿ) ವಾದ್ಯ ಮಾಡಿಸಿದ್ರು.

ಯಾವ ಮರ ಅಂತ ಯಾರೂ ಕೇಳಲ್ಲ, ಆದ್ರೆ ಕೇಳ್ಬೇಕು. ಒಳ್ಳೇ ಮರಿಂಬಾ ಪಟ್ಟಿ ಹೊಂಡುರಾಸ್ ರೋಸ್‌ವುಡ್‌ದು, ಡಾಲ್ಬರ್ಜಿಯಾ ಕುಲ, ಅಂದ್ರೆ ನಮ್ಮ ಮಲೆನಾಡಿನ ಬೀಟೆಯ ದಾಯಾದಿ. ಪಟ್ಟಿಯ ಅಡಿಯಲ್ಲಿ ನಡುವೆ ಕಮಾನಿನಂತೆ ಕೆತ್ತಿರ್ತಾರೆ, ಮೂಲ ಸ್ವರದ ಎರಡು ಆಕ್ಟೇವ್ ಮೇಲೆ ಅದರ ಉಪಸ್ವರ (ಜೊತೆಗೇ ಸಣ್ಣಗೆ ಕೇಳೋ ಮೇಲಿನ ಸ್ವರ) ಸರಿಯಾಗಿ ಕೂರ್ಲಿ ಅಂತ. ನಡುವೆ ಹೆರೆದ್ರೆ ಶ್ರುತಿ ಇಳಿಯತ್ತೆ, ತುದಿಯಲ್ಲಿ ಹೆರೆದ್ರೆ ಒಂಚೂರು ಏರತ್ತೆ. ಎಲ್ಲಾದ್ರೂ ಮರಿಂಬಾ ಸಿಕ್ಕಿದ್ರೆ ಬಗ್ಗಿ ಅಡಿಭಾಗ ನೋಡಿ.