ಏಳೆಲೆ ಗುಲಾಬಿ, ಮೂರೆಲೆ ಕಣಗಿಲೆ: ಎಲೆ ನೋಡಿ ಗಿಡ ಗುರುತಿಸುವ ಟಿಪ್ಪಣಿ

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಹೂವು ನೋಡಿ ಗುಲಾಬಿ ಕಲಿಯುತ್ತೇನೆಂದರೆ ಆಗುವುದಿಲ್ಲ. ಮೊಗ್ಗು ಅರಳುವ ಮೊದಲೇ ನೆನೆದು ಕೊಳೆಯುತ್ತದೆ. ಕೈಗೆ ಸಿಗುವುದು ಎಲೆ, ಕಡ್ಡಿ, ಮುಳ್ಳು ಅಷ್ಟೇ. ಹಾಗಾಗಿ ಎಲೆಯಿಂದಲೇ ಶುರು ಮಾಡಿದೆ.

ಗುಲಾಬಿಯ ಒಂದು ಎಲೆ ಎಲ್ಲಿಂದ ಎಲ್ಲಿಗೆ?

ನಾನು ಎಡವಿದ್ದು ಇಲ್ಲೇ. “ಐದೆಲೆ ಬಂದ್ರೆ ಜಾತಿ ಗಿಡ, ಏಳೆಲೆ ಬಂದ್ರೆ ಕಾಡು, ಕಿತ್ತುಹಾಕು” ಅಂತ ದೊಡ್ಡಮ್ಮ ಹೇಳುತ್ತಿದ್ದರು. ಆದರೆ ಎಣಿಸಬೇಕಾದದ್ದು ಏನನ್ನು?

ನಾವು ಎಲೆ ಅನ್ನುವುದು ನಿಜಕ್ಕೂ ಕಿರುಎಲೆ. ಒಂದು ಕಿರುಎಲೆ ಹಿಡಿದು ಅದರ ಬುಡ ನೋಡಿ, ಅಲ್ಲಿ ಮೊಗ್ಗು ಇರುವುದಿಲ್ಲ. ಹಾಗೇ ತೊಟ್ಟಿನ ಗುಂಟ ಕಡ್ಡಿಯವರೆಗೆ ಬೆರಳು ಜಾರಿಸಿ. ತೊಟ್ಟು ಕಡ್ಡಿಗೆ ಸೇರುವ ಕಂಕುಳಲ್ಲಿ ಸಾಸಿವೆಯಷ್ಟು ಕೆಂಪು ಕಣ್ಣು, ಅಂದರೆ ಚಿಗುರುವ ಮೊಗ್ಗು, ಕಾಣುತ್ತದೆ. ಆ ಕಣ್ಣಿನಿಂದ ತುದಿಯವರೆಗೆ ಇರುವುದೆಲ್ಲ ಸೇರಿ ಒಂದೇ ಎಲೆ. ಅದರಲ್ಲಿ ಎಷ್ಟು ಕಿರುಎಲೆ ಇವೆ ಎಂದು ಎಣಿಸಬೇಕು. ಇದು ತಲೆಗೆ ಹತ್ತಲು ನನಗೆ ಒಂದು ವಾರ ಹಿಡಿಯಿತು.

ಎಣಿಸಲು ಬಂದ ಮೇಲೂ ದೊಡ್ಡಮ್ಮನ ಸೂತ್ರ ಪೂರ್ತಿ ನಿಲ್ಲಲಿಲ್ಲ. ಹೋದ ವರ್ಷ ಏಳೆಲೆ ಕಂಡ ಎರಡು ದಪ್ಪ ಕಡ್ಡಿ ಕತ್ತರಿಸಿದೆ. ಅವು ಕೆಂಪು ಹೂವಿನ ಒಳ್ಳೆಯ ಕಡ್ಡಿಗಳೇ ಆಗಿದ್ದವು. ಎಷ್ಟೋ ಜಾತಿ ಗುಲಾಬಿಗಳಲ್ಲೂ ಏಳು ಕಿರುಎಲೆ ಬರುತ್ತವೆ. ಖಚಿತ ಗುರುತು ಬುಡದಲ್ಲಿದೆ: ಮಣ್ಣು ಕೆದಕಿ ಕಸಿಯ ಗಂಟು, ಅಂದರೆ ಎರಡು ಗಿಡ ಬೆಸೆದ ಜಾಗ, ಹುಡುಕಿ. ಚಿಗುರು ಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ಬೇರುಸಸಿಯದು (ಜಾತಿ ಗುಲಾಬಿಯನ್ನು ಬೆಸೆಯಲು ಬುಡವಾಗಿ ಬಳಸಿದ ಗಿಡದ್ದು), ಹೊರಟ ಜಾಗದಿಂದಲೇ ಕಿತ್ತು ತೆಗೆಯಿರಿ. ಗಂಟಿನ ಮೇಲಿನದ್ದಾದರೆ ಏಳಿರಲಿ, ಒಂಬತ್ತಿರಲಿ, ಮುಟ್ಟಬೇಡಿ.

(ತೋಟದ ಮನೆಯವರಿಗೆ: ನಮ್ಮ ‘ಮರಗಸಿ’ ಅಂದರೆ ಕೊಂಬೆ ಕಡಿಯುವುದು, ನರ್ಸರಿಯವರ ‘ಕಸಿ’ ಅಂದರೆ ಎರಡು ಗಿಡ ಬೆಸೆಯುವುದು. ಕಲಸಿಕೊಳ್ಳಬೇಡಿ.)

ಇನ್ನೊಂದು ಗುರುತು ನನಗೆ ತುಂಬ ಇಷ್ಟ. ತೊಟ್ಟಿನ ಬುಡಕ್ಕೆ ಎರಡೂ ಕಡೆ ಹಸಿರು ರೆಕ್ಕೆಯಂಥ ಪಟ್ಟಿ ಅಂಟಿರುತ್ತದೆ. ಬೇರುಸಸಿಯಾಗಿ ಬಳಸುವ ಮಲ್ಟಿಫ್ಲೋರಾ ಎಂಬ ಕಾಡು ಗುಲಾಬಿಯಲ್ಲಿ ಆ ಪಟ್ಟಿಯ ಅಂಚು ಬಾಚಣಿಗೆ ಹಲ್ಲಿನಂತೆ ಸೀಳಿರುತ್ತದೆ. ಬೆಳಕಿಗೆ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಪಕ್ಕದ ಮನೆಯಿಂದ ಕಡ್ಡಿ ತಂದು ನೆಟ್ಟ ಪನ್ನೀರು ಗುಲಾಬಿಗೆ ಈ ಗೊಡವೆಯೇ ಇಲ್ಲ. ಅದು ಸ್ವಂತ ಬೇರಿನ ಗಿಡ, ಎಲ್ಲಿಂದ ಚಿಗುರಿದರೂ ಅದೇ ಹೂವು.

ಹೂವು ಬಿಟ್ಟಾಗ

ಉದ್ದ ಕಡ್ಡಿಗೆ ಒಂದೇ ದೊಡ್ಡ ಹೂವು ಬಂದರೆ ಸಾಮಾನ್ಯವಾಗಿ ಹೈಬ್ರಿಡ್ ಟೀ ಎಂಬ ಗುಂಪಿನ ಗುಲಾಬಿ, ಗೊಂಚಲಾದರೆ ಫ್ಲೋರಿಬಂಡಾ ಗುಂಪಿನದು. ಎಸಳು ಎಣಿಸುವುದಾದರೆ 4ರಿಂದ 8 ಒಂಟಿಸುತ್ತು, 9ರಿಂದ 16 ಅರೆಸುತ್ತು, 17ರಿಂದ 25 ಜೋಡಿಸುತ್ತು, ಅದಕ್ಕೂ ಮೇಲೆ ತುಂಬುಹೂವು.

ಅಡೀನಿಯಂ ಕುಂಡಕ್ಕೆ ‘ಮರುಭೂಮಿ ಗುಲಾಬಿ’ ಎಂಬ ಹೆಸರಿದ್ದರೂ ಅದು ಗುಲಾಬಿಯಲ್ಲ. ಕಿರುಎಲೆಯೂ ಇಲ್ಲ, ಬುಡದ ರೆಕ್ಕೆಯೂ ಇಲ್ಲ. ಅದು ಕಣಗಿಲೆಯ ಬಳಗ, ರಸ ವಿಷ. ಆಫ್ರಿಕಾದಲ್ಲಿ ಬಾಣಕ್ಕೆ ಸವರುತ್ತಿದ್ದ ರಸವದು.

ಕಣಗಿಲೆ ಎಂಬ ಹೆಸರಿನ ಗೊಂದಲ

ಮೂರು ಬೇರೆ ಬೇರೆ ಗಿಡಗಳನ್ನು ಕಣಗಿಲೆ ಅನ್ನುತ್ತೇವೆ. ಇಲ್ಲೂ ಎಲೆಯೇ ದಾರಿ. ಕಣಗಿಲೆಯಲ್ಲಿ ಒಂದೇ ಗೆಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ ಸುತ್ತುಗಟ್ಟಿರುತ್ತವೆ. ಹಳದಿ ಕಣಗಿಲೆಯಲ್ಲಿ ಒಂದೊಂದೇ ಸಪೂರ ಎಲೆ, ಮುರಿದರೆ ಬಿಳಿ ಹಾಲು. ಕಾಶಿ ಕಣಗಿಲೆಯಲ್ಲಿ, ಅಂದರೆ ನಿತ್ಯಪುಷ್ಪದಲ್ಲಿ, ಎದುರುಬದುರು ಜೋಡಿ ಎಲೆ.

ಮೊದಲ ಎರಡರ ವಿಷ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ, ಹಾಗಾಗಿ ಕತ್ತರಿಸಿದ ಕೊಂಬೆಯನ್ನು ದನ ಓಡಾಡುವಲ್ಲಿ ಬಿಸಾಡಬೇಡಿ. ಹಳದಿ ಕಣಗಿಲೆಯ ಬೀಜ ಇನ್ನೂ ಅಪಾಯ, ಮಕ್ಕಳು ಆಟಕ್ಕೆ ಆರಿಸಿಕೊಳ್ಳುತ್ತಾರೆ. ಯಾರಾದರೂ ತಿಂದರೆ ಹುಣಸೆ ನೀರು, ಮಜ್ಜಿಗೆ ಅಂತ ಹೊತ್ತು ಕಳೆಯದೆ ಗಿಡದ ಒಂದು ಟೊಂಗೆಯ ಸಮೇತ ಆಸ್ಪತ್ರೆಗೆ ಓಡಿ. ಡಾಕ್ಟರಿಗೆ ಆ ಟೊಂಗೆಯೇ ಸುಳಿವು.

ಇನ್ನೊಂದು ವಿಷದ ಗಿಡವಾದ ಬೇಲಿಯ ಗೌರಿ ಹೂವನ್ನು ಹೂವಿಲ್ಲದಾಗಲೂ ಗುರುತಿಸಬಹುದು: ಎಲೆಯ ತುದಿಯೇ ಬಳ್ಳಿಯಂತೆ ಸುರುಳಿ ಸುತ್ತಿಕೊಂಡು ಪಕ್ಕದ ಕಡ್ಡಿ ಹಿಡಿದಿರುತ್ತದೆ. ಆ ಸುರುಳಿ ಕಂಡ ಕಡೆ ಅಗೆಯುವಾಗ ಸಿಕ್ಕ ಗಡ್ಡೆಯನ್ನು ಗೆಣಸಿನ ಬುಟ್ಟಿಗೆ ಹಾಕಬೇಡಿ. ಕಾಲ್ಚಿಸಿನ್ ಎಂಬ ವಿಷ ಅದರಲ್ಲಿ ತುಂಬಿರುತ್ತದೆ.