ಕಿಡ್ನಿ ಕೊಟ್ಟವರ ಮನೆಯ ಲೆಕ್ಕ

ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಬೆಲೆ ಬಿದ್ದರೆ ಹಳ್ಳಿ ಹಳ್ಳಿಯಲ್ಲೂ ಸಾಲ ಏರುತ್ತದೆ. ಹಾಗಾಗಿ ‘ಕಿಡ್ನಿ ಕೊಟ್ಟವರಿಗೆ ದುಡ್ಡು ಕೊಟ್ಟರೆ ತಪ್ಪೇನು?’ ಎಂದು ಯಾರಾದರೂ ಕೇಳಿದರೆ, ನನಗೆ ಮೊದಲು ನೆನಪಾಗುವುದು ಸಾಲವೇ.

ಕೇಳುವವರ ಸಂಕಟ ನಿಜವಾದದ್ದು. ಕಿಡ್ನಿ ಕೆಟ್ಟವರು ಯಂತ್ರದಿಂದ ರಕ್ತ ಶುದ್ಧ ಮಾಡಿಸುವ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ಪ್ರತಿ ಸಲ ಸುಮಾರು 4 ಗಂಟೆ. ಜೊತೆಗೊಬ್ಬರು ಬೇಕು. ಇಬ್ಬರ ಕೂಲಿಯೂ ಹೋಯಿತು.

ಒಂದು ಕಿಡ್ನಿ ತೆಗೆದರೆ ಉಳಿದದ್ದು ಸ್ವಲ್ಪ ದೊಡ್ಡದಾಗಿ ಜಾಸ್ತಿ ಕೆಲಸ ಮಾಡುತ್ತದೆ. ಆರೋಗ್ಯವಂತರಾದ ಹೆಚ್ಚಿನ ದಾನಿಗಳು ಚೆನ್ನಾಗಿಯೇ ಬಾಳುತ್ತಾರೆ. ಆದರೂ ಮುಂದೆ ಕಿಡ್ನಿ ಕೆಡುವ ಸಾಧ್ಯತೆ ಸ್ವಲ್ಪ ಹೆಚ್ಚು. ಬಿಪಿ, ರಕ್ತ, ಮೂತ್ರ ಇವನ್ನು ಜೀವನಪೂರ್ತಿ ಪರೀಕ್ಷೆ ಮಾಡಿಸುತ್ತಿರಬೇಕು.

ನಮ್ಮಲ್ಲಿ 1994ರ ಕಾನೂನು ಅಂಗಾಂಗ ಮಾರಾಟವನ್ನು ನಿಷೇಧಿಸಿದೆ. ಮಾರಾಟದಿಂದ ಬಡವರಿಗೆ ಒಳ್ಳೆಯದಾಗುತ್ತದಾ? ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶೇ. 96 ಜನ ಮಾರಿದ್ದು ಸಾಲ ತೀರಿಸಲು. ಆದರೆ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆಗಲೂ ಸಾಲದಲ್ಲೇ ಇದ್ದರು. ಮನೆಯ ಆದಾಯ ಸರಾಸರಿ ಮೂರನೇ ಒಂದು ಭಾಗ ಇಳಿದಿತ್ತು. ಮೈಯಿಂದ ದುಡಿಯುವವರಿಗೆ ಮೈಯೇ ಬಂಡವಾಳ, ಅಲ್ವಾ? ಬಂಡವಾಳವನ್ನೇ ಮಾರಿ ಬಡ್ಡಿ ಕಟ್ಟಿದ ಹಾಗಾಯಿತು.

ಹಾಗಂತ ದುಡ್ಡಿಲ್ಲದ ದಾನವೆಲ್ಲ ಮನಸಾರೆ ಕೊಟ್ಟದ್ದು ಅಂತ ನಾನು ನಂಬುವುದಿಲ್ಲ. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ಗಂಡನಿಗೆ ಕಿಡ್ನಿ ಬೇಕು ಅಂದಾಗ ಅತ್ತೆಮನೆಯಲ್ಲಿ ಕೂತು ‘ಆಗಲ್ಲ’ ಅನ್ನುವುದು ಎಷ್ಟು ಜನರಿಗೆ ಸಾಧ್ಯ? ದಾನಿಯನ್ನು ಒಬ್ಬರೇ ಕೂರಿಸಿ ಕೇಳಲೇಬೇಕು. ಬೇಡ ಅಂದರೆ ಆ ಮಾತು ಮನೆಯವರ ಕಿವಿಗೆ ಬೀಳಬಾರದು.

ಬೆಲೆ ಕಟ್ಟುವುದು ಬೇರೆ, ನಷ್ಟ ತುಂಬುವುದು ಬೇರೆ. ಇಸ್ರೇಲ್ 2008ರ ಕಾನೂನಿನಲ್ಲಿ ದಾನಿಗಳ ಕಳೆದುಹೋದ ಸಂಬಳವನ್ನು ತುಂಬಿಕೊಡಲು ದಾರಿ ಮಾಡಿತು. ನಮ್ಮ ಕೇಂದ್ರ ಸರ್ಕಾರಿ ನೌಕರರಿಗೆ ಅಂಗದಾನಕ್ಕೆ 42 ದಿನಗಳವರೆಗೆ ವಿಶೇಷ ರಜೆ ಇದೆ. ತುಂಬಾ ಒಳ್ಳೆಯದು. ಆದರೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಹೆಂಗಸಿಗೆ ರಜೆ ಕೊಡುವವರು ಯಾರು? ಆಪರೇಷನ್ ಆದಮೇಲೆ ಕೆಲವು ವಾರ ಅವಳು ಭಾರ ಎತ್ತುವಂತಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆಹುಳ ಸೊಪ್ಪಿಗಾಗಿ ಕಾಯುವುದಿಲ್ಲ. ಆ ವಾರಗಳ ಕೂಲಿ, ಬಸ್ ಚಾರ್ಜು, ವರ್ಷ ವರ್ಷದ ತಪಾಸಣೆ ಇಷ್ಟನ್ನಾದರೂ ಸರ್ಕಾರವೇ ಕೊಡಬೇಕು. ಕಿಡ್ನಿ ಪಡೆದವರ ಕೈಯಿಂದಲ್ಲ, ನೇರವಾಗಿ ಅವಳ ಖಾತೆಗೆ.