ಬ್ಲ್ಯಾಕ್ಯಾಡರ್ ನೋಡೋಕೆ ಇಂಗ್ಲೆಂಡ್ ಇತಿಹಾಸ ಓದಿರಬೇಕಾ?

ಬ್ರಿಟನ್ನಿನ ಟಿವಿ ಹಾಸ್ಯ ಸರಣಿ ಬ್ಲ್ಯಾಕ್ಯಾಡರ್ ಬಗ್ಗೆ ಮತ್ತೆ ಅದೇ ಪ್ರಶ್ನೆ. "ಬ್ಲ್ಯಾಕ್ಯಾಡರ್ ಈಗಲೂ ನೋಡೋ ಹಾಗಿದೆಯಾ ಸಾರ್? ನಮಗೆ ಇಂಗ್ಲೆಂಡ್ ಇತಿಹಾಸ ಗೊತ್ತಿಲ್ಲ."

ಮೊದಲನೆಯದಕ್ಕೆ ಉತ್ತರ: ನೋಡಿ. ಅರ್ಧರ್ಧ ಗಂಟೆಯ 24 ಕಂತು, ಅಷ್ಟೇ. ರೋವನ್ ಅಟ್ಕಿನ್ಸನ್ ಮಿಸ್ಟರ್ ಬೀನ್ ಆಗುವುದಕ್ಕೂ ಮೊದಲು, 1983ರಿಂದ 1989ರ ನಡುವೆ, ಬಿಬಿಸಿಯಲ್ಲಿ ಬಂದದ್ದು. ಬೀನ್ ಬಾಯಿ ಬಿಡುವುದೇ ಅಪರೂಪ, ಇಲ್ಲಿ ಅವರು ಮಾಡಿರುವ ಎಡ್ಮಂಡ್ ಬ್ಲ್ಯಾಕ್ಯಾಡರ್ ಪಾತ್ರಕ್ಕೆ ಬಾಯಿಯೇ ಬಂಡವಾಳ.

ಇನ್ನು ಇತಿಹಾಸ. ಎಷ್ಟು ಸಲ ಹೇಳಲಿ, ಇದಕ್ಕೆ ಇತಿಹಾಸ ಬೇಕಿಲ್ಲ! ಇತಿಹಾಸ ಗೊತ್ತಿದ್ದವರಿಗೇ ಇಲ್ಲಿ ಜಾಸ್ತಿ ತಲೆ ಕೆಡುತ್ತದೆ. 1485ರ ಬಾಸ್‌ವರ್ತ್ ಯುದ್ಧದಲ್ಲಿ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಸೋತು ಸತ್ತ, ಅಲ್ವಾ? ಇಲ್ಲಿ, ಮೊದಲ ಸರಣಿಯಲ್ಲಿ, ಅವನು ಗೆಲ್ಲುತ್ತಾನೆ, ಆಮೇಲೆ ಯಾರೋ ಕುದುರೆಗಳ್ಳ ಅಂದುಕೊಂಡು ಎಡ್ಮಂಡನೇ ಅವನ ತಲೆ ಹಾರಿಸಿಬಿಡುತ್ತಾನೆ. ಹುಡುಗನಾಗಿದ್ದಾಗಲೇ ಲಂಡನ್ ಗೋಪುರದಲ್ಲಿ ಕಾಣೆಯಾದ ರಾಜಕುಮಾರ ಇಲ್ಲಿ ಗಡ್ಡ ಬಿಟ್ಕೊಂಡು ಗರ್ಜಿಸುವ ನಾಲ್ಕನೇ ರಿಚರ್ಡ್. ಇದ್ಯಾವುದೂ ಪುಸ್ತಕದಲ್ಲಿ ಯಾಕಿಲ್ಲ ಅಂದರೆ, ಆಮೇಲೆ ರಾಜನಾದ ಏಳನೇ ಹೆನ್ರಿ ಎಲ್ಲ ಅಳಿಸಿ ಹಾಕಿದನಂತೆ! ಸುಮಾರು ಮುನ್ನೂರು ವರ್ಷ ಆಚೆ ನಡೆಯುವ ಮೂರನೇ ಸರಣಿಯಲ್ಲಿ ಇಂಗ್ಲಿಷ್ ನಿಘಂಟು ಬರೆದ ಪಂಡಿತ ಸ್ಯಾಮ್ಯುಯೆಲ್ ಜಾನ್ಸನ್ ಬರುತ್ತಾರೆ. ಅವರು ತೀರಿಕೊಂಡದ್ದು 1784ರಲ್ಲಿ. ಅದೇ ಕಂತಿನಲ್ಲಿರುವ ಕವಿ ಬೈರನ್ ಹುಟ್ಟಿದ್ದೇ 1788ರಲ್ಲಿ. ಇದನ್ನೆಲ್ಲ ಯಾವ ಪಠ್ಯಪುಸ್ತಕ ಓದಿಕೊಂಡು ನೋಡ್ತೀರಿ? ಇಂಗ್ಲಿಷಿನ ಒಂದು ಪದವನ್ನೂ ಬಿಟ್ಟಿಲ್ಲ ಎಂದು ಜಾನ್ಸನ್ ಜಂಬ ಕೊಚ್ಚುತ್ತಾರೆ, ಎಡ್ಮಂಡ್ ಎಲ್ಲೂ ಇಲ್ಲದ ಪದವೊಂದನ್ನು ಸೃಷ್ಟಿಸಿ ಅವರನ್ನು ಅಭಿನಂದಿಸುತ್ತಾನೆ, ಪಂಡಿತರ ಮುಖ ಬಾಡುತ್ತದೆ. ಆ ಮುಖ ನೋಡಿ ನಗೋಕೆ ಇಸವಿ ಬೇಕಾ?

ನಿಜವಾಗಿ ಕಷ್ಟ ಇರುವುದು ಇಂಗ್ಲಿಷಿನಲ್ಲಿ. ಮಾತು ವೇಗ, ಹೋಲಿಕೆಗಳು ಮಾರುದ್ದ. ಸಬ್‌ಟೈಟಲ್ ಹಾಕಿಕೊಳ್ಳಿ, ಅದರಲ್ಲೇನೂ ನಾಚಿಕೆ ಇಲ್ಲ. ಹಾಗೇ, ಎರಡನೇ ಸರಣಿಯಿಂದ ಶುರು ಮಾಡಿ. ಮೊದಲನೆಯದರಲ್ಲಿ ಎಡ್ಮಂಡ್ ಪೆದ್ದ, ಆಳು ಬಾಲ್ಡ್ರಿಕ್ಕೇ ಬುದ್ಧಿವಂತ. ಬೆನ್ ಎಲ್ಟನ್ ಬರವಣಿಗೆಗೆ ಸೇರಿದ ಮೇಲೆ ಅದು ತಿರುಗಾಮುರುಗಾ ಆಯಿತು, ಸರಣಿ ಕುದುರಿದ್ದೂ ಆಗಲೇ. ಪ್ರತಿ ಸರಣಿಗೂ ಕಾಲ ಬೇರೆ, ಎಡ್ಮಂಡ್ ಬೇರೆ, ಹಾಗಾಗಿ ಕಥೆ ತಪ್ಪಿಹೋಗುವ ಭಯವಿಲ್ಲ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಾಲ್ಕನೆಯದು ನಡೆಯುವುದು 1917ರ ಕಂದಕದಲ್ಲಿ. ಮೊದಲ ಮಹಾಯುದ್ಧವನ್ನು ಇಂಥ ಕಾರ್ಯಕ್ರಮಗಳು ತಪ್ಪಾಗಿ ತೋರಿಸಿವೆ ಎಂದು 2014ರಲ್ಲಿ ಬ್ರಿಟನ್ನಿನ ಶಿಕ್ಷಣ ಸಚಿವ ಮೈಕಲ್ ಗೋವ್ ಬರೆದರು. ಬಾಲ್ಡ್ರಿಕ್ ಪಾತ್ರ ಮಾಡಿದ ಟೋನಿ ರಾಬಿನ್ಸನ್ ಸುಮ್ನೆ ಇರಲಿಲ್ಲ, ತಿರುಗಿ ಉತ್ತರ ಕೊಟ್ಟರು. ಒಂದು ತಮಾಷೆ ಕಾರ್ಯಕ್ರಮ ಮುಗಿದು 25 ವರ್ಷವಾದ ಮೇಲೂ ಸಚಿವರೊಬ್ಬರನ್ನು ಕೆಣಕಿತು ಅನ್ನುವುದೇ ನನಗೆ ಖುಷಿ. ಆ ನಾಲ್ಕನೇ ಸರಣಿಯ ಕೊನೆಯ ದೃಶ್ಯದಲ್ಲಿ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ಶೂಟಿಂಗ್ ಅಂದುಕೊಂಡ ಹಾಗೆ ಬರಲಿಲ್ಲ, ಎಡಿಟಿಂಗ್‌ನಲ್ಲಿ ಅದನ್ನು ನಿಧಾನಗೊಳಿಸಿ, ಶೀರ್ಷಿಕೆ ಗೀತೆಯ ರಾಗವನ್ನು ಮೆಲ್ಲಗೆ ಪಿಯಾನೋದಲ್ಲಿ ಸೇರಿಸಿದರು. ಆ ಕಂತನ್ನು ಮಾತ್ರ ಊಟ ಮಾಡ್ತಾ ನೋಡಬೇಡಿ.